ಬ್ರೆಜಿಲ್ ದೇಶದ ವಿಷದ ಕಂಬಳಿಹುಳು

ಟಸ್ಸರ್ ರೇಷ್ಮೆಹುಳುವಿನ ವಂಶಕ್ಕೇ ಸೇರಿದ ಲೋನೋಮಿಯಾ ಒಬ್ಲಿಕ್ವಾ ಎಂಬ ಪತಂಗವು ದಕ್ಷಿಣ ಬ್ರೆಜಿಲಿನ ಕಾಡುಗಳಲ್ಲಿರುವುದು. ಇದರಿಂದ ರೇಷ್ಮೆಯ ಲಾಭವಿಲ್ಲ. ಇದರ ಹುಳುವಿನಿಂದ ಪ್ರಾಣಭಯವುಂಟು. ಪತಂಗವು ಆಹಾರವನ್ನೇ ಕೊಳ್ಳದೆ, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುವುದು. ಹುಳುಗಳು ರಾತ್ರಿ ಎಲೆಗಳನ್ನು ಮೇದು, ಹಗಲಲ್ಲಿ ಮರದ ಕಾಂಡದ ಮೇಲೆ ಗುಂಪುಗೂಡಿ, ತೊಗಟೆಯ ಬಣ್ಣದೊಡನೆ ಬೆರೆತು ಅಡಗಿರುವುವು. ಅರಿಯದೆ ಕೈಯಿಟ್ಟರೆ ಮುಳ್ಳುಗಳು ಮುರಿದು ವಿಷವೇರುವುದು. ರಕ್ತವು ಹೆಪ್ಪುಗಟ್ಟದೆ ದೇಹದೊಳಗೆ ಸೋರುವುದಲ್ಲದೆ, ಮೂತ್ರಪಿಂಡಗಳೂ ಕೆಡಬಹುದು.

ಈ ಹುಳುವು ತೋಟದ ಹಣ್ಣಿನ ಮರಗಳಿಗೂ ಬಂದುದರಿಂದ, 1989ರಿಂದೀಚೆಗೆ ರಿಯೊ ಗ್ರಾಂಡೆ ಡೊ ಸುಲ್ ಪ್ರಾಂತ್ಯದ ರೈತರಲ್ಲಿ ಮರಣಗಳು ಸಂಭವಿಸಿದುವು. ಸಾವೊ ಪೌಲೊ ನಗರದ ಬುಟಾಂಟಾನ್ ಸಂಸ್ಥೆಯು 1990ರ ದಶಕದಲ್ಲಿ ಕುದುರೆಯ ರಕ್ತದಿಂದ ಪ್ರತಿವಿಷವನ್ನು ಸಿದ್ಧಪಡಿಸಿತು. ಬೇಗನೆ ಕೊಟ್ಟಲ್ಲಿ ಇದು ಪ್ರಾಣವನ್ನುಳಿಸುವುದು. ಆದರೂ ಮರವನ್ನು ಮುಟ್ಟುವುದಕ್ಕೆ ಮೊದಲು ಕಾಂಡವನ್ನು ಚೆನ್ನಾಗಿ ನೋಡುವುದೇ ಅಲ್ಲಿನ ತೋಟಗಾರರಿಗೆ ಮೊದಲನೆಯ ರಕ್ಷೆ.