ಕೊಡಗಿನ ಕೋವಿಗೆ 2029ರ ಗಡುವು

“ನಮ್ಮ ಮನೆಯ ಕೋವಿ ಮೊಮ್ಮಕ್ಕಳ ಕಾಲಕ್ಕೂ ಉಳಿದೀತೇ?” ಕೊಂಢವಾದಲ್ಲಿ ನೆಲೆಸಿರುವ ಕೊಡಗಿನ ಕೇಳುಗರೊಬ್ಬರು ಕೇಳಿದ್ದಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ, ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಈ ವಿನಾಯಿತಿ ಬ್ರಿಟಿಷರ ಕಾಲದ್ದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಅದು ಮುಂದುವರಿಯಿತು. ಕೊಡವರಿಗಷ್ಟೇ ಅಲ್ಲ, ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯಿಸುತ್ತದೆ.

ಆದರೆ ಒಂದು ಮಾತು ನೆನಪಿಡಿ. ಇದು ಸಂವಿಧಾನ ಕೊಟ್ಟ ಹಕ್ಕಲ್ಲ, ಕೇಂದ್ರ ಸರ್ಕಾರದ ಅಧಿಸೂಚನೆ ಕೊಟ್ಟ ರಿಯಾಯಿತಿ. ಅಮೆರಿಕದಲ್ಲಿ ಶಸ್ತ್ರ ಹೊಂದುವ ಹಕ್ಕು ಸಂವಿಧಾನದಲ್ಲೇ ಇದೆ, ನಮ್ಮಲ್ಲಿ ಹಾಗಿಲ್ಲ. 2019ರಲ್ಲಿ ಹೊರಡಿಸಿದ ಅಧಿಸೂಚನೆಯ ಅವಧಿ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್ 31ರವರೆಗೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿ ಅನಿರ್ದಿಷ್ಟ ಕಾಲದ್ದಲ್ಲ, ಷರತ್ತುಬದ್ಧ ಎಂಬುದನ್ನೂ ಅದು ಗಮನಿಸಿತು.

ಹಾಗಾದರೆ ಮುಂದೇನು? ಅವಧಿ ಮುಗಿಯುವ ಹೊತ್ತಿಗೆ ಮುಂದುವರಿಸುವುದೋ ಬಿಡುವುದೋ ಎಂಬ ತೀರ್ಮಾನ ಮತ್ತೆ ದೆಹಲಿಯದೇ. ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ, ಕಾನೂನಿನಿಂದಲ್ಲ. ಬೇಕಾಬಿಟ್ಟಿ ಗುಂಡು ಹಾರಿಸಿದ ಒಂದೊಂದು ಪ್ರಕರಣವೂ ವಿರೋಧಿಸುವವರ ಕೈಗೆ ವಾದ ಕೊಡುತ್ತದೆ.

ಆದ್ದರಿಂದ ಊರಿಗೆ ಹೋದಾಗ ವಿನಾಯಿತಿ ಪತ್ರ ಯಾರ ಹೆಸರಿನಲ್ಲಿದೆ, ಸರಿಯಾಗಿದೆಯೇ ಎಂದು ಒಮ್ಮೆ ನೋಡಿ. ಕೋವಿಯನ್ನು ಪುಣೆಗೆ ತರುವ ಯೋಚನೆಯಿದ್ದರೆ ಮೊದಲು ನಿಯಮ ವಿಚಾರಿಸಿ. ಅಜ್ಜನ ಕೋವಿ ಉಳಿಯಬೇಕಾದರೆ ಅಜ್ಜನ ಶಿಸ್ತೂ ಉಳಿಯಬೇಕಲ್ಲವೇ?