ಪ್ರಶ್ನೆಯ ನಂತರದ ಮೂರು ಸೆಕೆಂಡು

2006ರಲ್ಲಿ ನಾನು ಡಿ.ಇಡಿ. ವಿದ್ಯಾರ್ಥಿಯಾಗಿದ್ದಾಗ ನಗರದ ಗೋಡೆಗಳ ಮೇಲೆ ‘ಕಮ್ಯುನಿಕೇಷನ್ ಸ್ಕಿಲ್ಸ್’ ತರಗತಿಗಳ ಜಾಹೀರಾತುಗಳು ರಾರಾಜಿಸುತ್ತಿದ್ದವು. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವುದು ಎಂದಷ್ಟೇ ಅದರ ಅರ್ಥ. ಪ್ರಾಥಮಿಕ ಶಾಲಾ ಶಿಕ್ಷಕನಾಗಲು ಹೊರಟಿದ್ದ ನನ್ನ ತಿಳಿವಳಿಕೆಯೂ ಬಹಳ ಭಿನ್ನವಾಗಿರಲಿಲ್ಲ. ಭಾಷೆ ಮಾತ್ರ ಕನ್ನಡವಾಗಿತ್ತು, ಅಷ್ಟೆ. ಸ್ಪಷ್ಟ ಉಚ್ಚಾರಣೆ, ಗಟ್ಟಿ ದನಿ, ತಡವರಿಸದ ಮಾತು ಇದ್ದರೆ ಸಂವಹನ ಕೌಶಲ ಕೈವಶವಾದಂತೆಯೇ ಎಂದು ನಂಬಿದ್ದೆ.

ಹಾಗೆ ನಂಬಲು ಕಾರಣವೂ ಇತ್ತು. ತರಬೇತಿಯಲ್ಲಿ ಸೂಕ್ಷ್ಮ ಬೋಧನೆ ಎಂಬ ಅಭ್ಯಾಸವಿದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವಿಧಾನವದು. ಪ್ರಶ್ನಿಸುವುದು, ವಿವರಿಸುವುದು, ಕಪ್ಪುಹಲಗೆ ಬಳಸುವುದು, ಹೀಗೆ ಒಂದೊಂದೇ ಕೌಶಲವನ್ನು ಕೆಲವೇ ನಿಮಿಷಗಳ ಕಿರುಪಾಠದಲ್ಲಿ ರೂಢಿಸಿಕೊಳ್ಳಬೇಕು. ನಮ್ಮಲ್ಲಿ ಮಕ್ಕಳ ಜಾಗದಲ್ಲಿ ಕೂರುತ್ತಿದ್ದವರು ಸಹಪಾಠಿಗಳೇ. ಪ್ರಶ್ನೆ ಮುಗಿಯುವ ಮುನ್ನವೇ ಹತ್ತು ಕೈಗಳು ಮೇಲೇಳುತ್ತಿದ್ದವು. ಉತ್ತರ ಗೊತ್ತಿದ್ದವರಿಗೇ ಪಾಠ ಹೇಳಿ ಭೇಷ್ ಎನ್ನಿಸಿಕೊಂಡದ್ದು ಆಗ ವಿಚಿತ್ರವೆನಿಸಲಿಲ್ಲ.

ಬೋಧನಾಭ್ಯಾಸಕ್ಕೆ ನನ್ನ ಪಾಲಿಗೆ ಬಂದದ್ದು ಆಗಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾವೊಂದರ ಶಾಲೆ. ಮೂರನೆಯ ತರಗತಿ, ‘ನೀರಿನ ಮೂಲಗಳು’ ಪಾಠ. ಬಣ್ಣದ ಚಾರ್ಟು ತೂಗುಹಾಕಿ, ‘ನಮಗೆ ನೀರು ಯಾವ ಯಾವ ಮೂಲಗಳಿಂದ ದೊರೆಯುತ್ತದೆ?’ ಎಂದು ಕೇಳಿದೆ. ನಿಶ್ಶಬ್ದ. ಅದಕ್ಕೆ ಹೆದರಿ ನಾನೇ ಉತ್ತರ ಹೇಳಿದೆ. ತರಗತಿಯುದ್ದಕ್ಕೂ ಹೀಗೆಯೇ. ಎರಡನೆಯ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಕೇಳಿದರೂ ಬಾಯಿ ತೆರೆಯಲಿಲ್ಲ. ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ನಿಧಾನ ಕಲಿಕೆ’ ಎಂದು ಬರೆದೆ. ವೀಕ್ಷಕರು ನನ್ನ ದನಿಗೆ ಉತ್ತಮ ಅಂಕ ಕೊಟ್ಟಿದ್ದರು.

ಹಿಂದೆ ಕುಳಿತಿದ್ದ ಆ ಶಾಲೆಯ ಹಿರಿಯ ಅಕ್ಕೋರು ಮಾತ್ರ ಹೊರಬಂದವರೇ, ‘ಪ್ರಶ್ನೇನೂ ನಿಂದ, ಉತ್ತರಾನೂ ನಿಂದ. ಹುಡುಗ್ರೇನ್ ಗ್ವಾಡಿ ಅದಾರೇನೋ ತಮ್ಮಾ?’ ಎಂದರು. ಆ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ನೀರು ‘ಪಾಣಿ’, ತಾಯಿ ‘ಯಾಡಿ’. ಮನೆಯ ಮಾತು ದಾಟಿ, ಬೀದಿಯ ಕನ್ನಡ ದಾಟಿ, ‘ಮೂಲ’ ಎಂಬ ನನ್ನ ಪುಸ್ತಕದ ಪದದ ಬಳಿ ಅವರು ಬರುವಷ್ಟರಲ್ಲಿ ನನ್ನ ಉತ್ತರ ಮುಗಿದಿರುತ್ತಿತ್ತು.

ಮರುವಾರ ಚಾರ್ಟು ಒಯ್ಯಲಿಲ್ಲ. ‘ನಿಮ್ಮ ಮನಿಗೆ ಪಾಣಿ ಎಲ್ಲಿಂದ ತರ್ತೀರಿ?’ ಎಂದು ಕೇಳಿ, ಕೈ ಹಿಂದೆ ಕಟ್ಟಿ ಬೆರಳೆಣಿಸುತ್ತ ನಿಂತೆ. ಆ ಕಾಯುವಿಕೆ ಎಷ್ಟು ಕಷ್ಟದ್ದೆಂಬುದು ಪಾಠ ಮಾಡಿದವರಿಗೇ ಗೊತ್ತು. ಕೊನೆಗೆ ಅದೇ ಹುಡುಗಿ, ‘ಯಾಡಿ ರಾತ್ರಿ ಹೋಗ್ತಾಳ್ರೀ. ಕರೆಂಟ್ ಬಂದಾಗಷ್ಟ ಬೋರ್‌ನ್ಯಾಗ ನೀರು ಬರ್ತಾವ’ ಎಂದಳು. ಬಳಿಕ ಉಳಿದವರ ಬಾಯಿಯೂ ತೆರೆಯಿತು. ಒಬ್ಬ ಟ್ಯಾಂಕರಿನ ಮುಂದಿನ ಜಗಳವನ್ನು ಅಭಿನಯಿಸಿಯೇ ತೋರಿಸಿದ. ನನ್ನ ಚಾರ್ಟಿನಲ್ಲಿ ನದಿ, ಕೆರೆ, ಬಾವಿಗಳಿದ್ದವು, ಟ್ಯಾಂಕರ್ ಇರಲಿಲ್ಲ.

ಇದನ್ನೇ ಅಳೆದು ನೋಡಿದವರಿದ್ದಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಎಂದು ಕಂಡುಕೊಂಡರು. ಅದು ಮೂರು ಸೆಕೆಂಡು ದಾಟಿದಾಗ ಉತ್ತರಗಳು ದೀರ್ಘವಾದವು, ‘ದಡ್ಡ’ರೆನಿಸಿಕೊಂಡವರೂ ಮಾತನಾಡಿದರು.

ದೀಪಾವಳಿಯ ನಂತರ ತಾಂಡಾದ ಹಲವು ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟವು. ಆ ಹುಡುಗಿಯೂ ಹೋದಳು. ದಾಖಲೆ ಪುಸ್ತಕವನ್ನು ಅಷ್ಟರಲ್ಲಿ ಒಪ್ಪಿಸಿಯಾಗಿತ್ತು. ‘ನಿಧಾನ ಕಲಿಕೆ’ಯನ್ನು ನಾನು ತಿದ್ದಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವೆಡೆಯೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಈಗ ಅಭ್ಯಾಸ ಪಾಠಗಳನ್ನು ವೀಕ್ಷಿಸಲು ನಾನೇ ಹೋಗುತ್ತೇನೆ. ಕೈಯಲ್ಲಿರುವ ನಮೂನೆಯಲ್ಲಿ ದನಿ, ಹಲಗೆ ಬರಹ, ಬೋಧನೋಪಕರಣಗಳಿಗೆ ಅಂಕಣಗಳಿವೆ. ಎಷ್ಟು ಮಕ್ಕಳು ಮಾತನಾಡಿದರು ಎಂಬುದಕ್ಕಿಲ್ಲ. ಅಂಚಿನಲ್ಲಿ ಅದನ್ನು ನಾನೇ ಬರೆದಿಡುತ್ತೇನೆ. ‘ಅದಕ್ಕೆ ಎಷ್ಟು ಅಂಕ ಸರ್?’ ಎಂದು ಕಳೆದ ತಿಂಗಳು ಒಬ್ಬಳು ಪ್ರಶಿಕ್ಷಣಾರ್ಥಿ ಕೇಳಿದಳು. ಸದ್ಯಕ್ಕೆ ಅಂಕವಿಲ್ಲ ಎಂದೆ.