ಪಲ್ಲಡಂ ಪರದೆ ದೊಡ್ಡದೋ, ಕೊಯಮತ್ತೂರಿನದೋ?

ನಮ್ಮ ತಾಳವಾಡಿ ಕಡೆಯ ನನ್ನ ತರಗತಿಯಲ್ಲಿ ಕೆಲವು ಮಕ್ಕಳ ಅಪ್ಪ-ಅಮ್ಮ ಪಲ್ಲಡಂ, ತಿರುಪ್ಪೂರಿನಲ್ಲಿ ಮಗ್ಗದ ಕೆಲಸಕ್ಕೋ ಬನಿಯನ್ ಕಂಪನಿಗೋ ಹೋಗುವವರು. ಬೇಸಿಗೆ ರಜೆಗೆ ಮಕ್ಕಳೂ ಅಲ್ಲಿಗೇ ಹೋಗುತ್ತಾರೆ. ಕಳೆದ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಎಂಟನೇ ತರಗತಿಯಲ್ಲಿ ಜಗಳ. ಒಬ್ಬ ಹುಡುಗ ಪಲ್ಲಡಂನ ಟಾಕೀಸಿನಲ್ಲಿ ನೋಡಿದ್ದ ಸಿನಿಮಾವನ್ನೇ ಒಬ್ಬಳು ಹುಡುಗಿ ಕೊಯಮತ್ತೂರಿನ ಮಾಲ್‌ನಲ್ಲಿ ನೋಡಿ ಬಂದಿದ್ದಳು.

"ಸಾರ್, ನಮ್ ಪರದೆನೇ ದೊಡ್ಡದು. 70 ಎಂ.ಎಂ. ಅಂತ ಬೋರ್ಡೇ ಹಾಕವ್ರೆ."

"70 ಎಂ.ಎಂ. ಅಂದ್ರೆ ಏಳು ಸೆಂಟಿಮೀಟರ್ ಕಣೋ!"

ತರಗತಿಯೆಲ್ಲ ನಕ್ಕಿತು. "70 ಎಂ.ಎಂ. ಅಂದ್ರೆ ದೊಡ್ಡ ಪರದೆ ಅಂತ ಅರ್ಥ, ಕೂತ್ಕೊಳ್ಳಿ" ಎಂದು ನಾನು ಬಾಯಿ ಮುಚ್ಚಿಸಿದೆ. ಮನೆಗೆ ಹೋಗಿ ಓದಿ ನೋಡಿದರೆ, ಸರಿಯಾಗಿ ಹೇಳಿದ್ದವಳು ಅವಳು, ತಪ್ಪಿದ್ದವನು ನಾನು. ಮಾರನೇ ದಿನ ತರಗತಿಯ ಮುಂದೆ ಒಪ್ಪಿಕೊಂಡೆ. ನಮ್ಮಲ್ಲಿ ಇನ್ನೂ ಕೆಲವರು ಇದೇ ತಪ್ಪು ಹೇಳುತ್ತಿರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

70 ಎಂ.ಎಂ. ಅನ್ನುವುದು ಫಿಲ್ಮಿನ ಪಟ್ಟಿಯ ಅಗಲ. ಸಾಮಾನ್ಯ ಸಿನಿಮಾ ಫಿಲ್ಮು 35 ಮಿಲಿಮೀಟರ್ ಅಗಲ. ಅದರಲ್ಲಿ ಚಿತ್ರಕ್ಕೆ ಸಿಗುವ ಜಾಗ ಸುಮಾರು 21 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಅಷ್ಟು ಸಣ್ಣ ಚಿತ್ರವನ್ನು 12 ಮೀಟರ್ ಅಗಲದ ಪರದೆಗೆ ಹಿಗ್ಗಿಸಬೇಕಾದರೆ ಅಗಲದಲ್ಲಿ ಸುಮಾರು 570 ಪಟ್ಟು, ವಿಸ್ತೀರ್ಣದಲ್ಲಿ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಹಾಗೆ ಹಿಗ್ಗಿಸಿದಾಗ ಫಿಲ್ಮಿನ ಕಣಗಳೂ ಹಿಗ್ಗುತ್ತವೆ. ಬೆಳಕು ಸಾಲದು ಅಂತ ದೀಪ ಜೋರು ಮಾಡಿದರೆ ಅದರ ಬಿಸಿಗೆ ಫಿಲ್ಮೇ ಬೇಯುತ್ತದೆ. 70 ಎಂ.ಎಂ. ಫಿಲ್ಮಿನಲ್ಲಿ ಚಿತ್ರದ ಜಾಗ ಮೂರು ಪಟ್ಟಿಗೂ ಹೆಚ್ಚು, ಹಾಗಾಗಿ ದೊಡ್ಡ ಪರದೆ ಸುಲಭವಾಯಿತು. ಬೋರ್ಡಿಗೂ ಪರದೆಗೂ ಇರುವ ನಂಟು ಇಷ್ಟೇ. 1975ರ 'ಶೋಲೆ' 70 ಎಂ.ಎಂ.ನಲ್ಲಿ ಬಂತು ಅನ್ನುತ್ತೇವಲ್ಲ, ಅದನ್ನೂ 35ರಲ್ಲೇ ತೆಗೆದು ಆಮೇಲೆ 70ಕ್ಕೆ ಹಿಗ್ಗಿಸಿದ್ದು. ಈಗ ಎಲ್ಲ ಡಿಜಿಟಲ್. ಫಿಲ್ಮು ಹೋಯಿತು, ಬೋರ್ಡು ಉಳಿಯಿತು.

ಹಾಗಾದರೆ ಪರದೆಯ ಅಳತೆಯನ್ನು ನಿರ್ಧರಿಸುವುದು ಯಾವುದು? ಮೊದಲನೆಯದಾಗಿ ಹಾಲಿನ ಉದ್ದ. ಕೊನೇ ಸಾಲಿನಲ್ಲಿ ಕೂತವರ ಕಣ್ಣಿಗೂ ಪರದೆಯ ಅಗಲ ಕನಿಷ್ಠ 30 ಡಿಗ್ರಿ ಕೋನದಷ್ಟು ಕಾಣಬೇಕು ಅನ್ನುವುದು ಸಿನಿಮಾ ಎಂಜಿನಿಯರುಗಳ ವಾಡಿಕೆ. ಲೆಕ್ಕ ಹಾಕಿದರೆ, ಕೊನೇ ಸಾಲಿನ ದೂರದ ಅರ್ಧಕ್ಕಿಂತ ತುಸು ಹೆಚ್ಚು ಅಗಲ ಬೇಕು. 20 ಮೀಟರ್ ದೂರಕ್ಕೆ ಸುಮಾರು 10.7 ಮೀಟರ್, 10 ಮೀಟರ್ ದೂರಕ್ಕೆ ಅದರ ಅರ್ಧ ಸಾಕು. ಎರಡೂ ಕಣ್ಣಿಗೆ ಒಂದೇ ಅಳತೆ! ಒಂದು ದೊಡ್ಡ ಟಾಕೀಸನ್ನು ಒಡೆದು ಮೂರು ಸಣ್ಣ ಹಾಲು ಮಾಡಿದಾಗ ಪರದೆ ಕುಗ್ಗಿದರೂ ನೋಡುವವನಿಗೆ ಅಷ್ಟಾಗಿ ಗೊತ್ತಾಗದಿರುವುದು ಇದಕ್ಕೇ. ಪರದೆ ತೀರಾ ದೊಡ್ಡದಾದರೂ ಕಷ್ಟ, ಮುಂದಿನ ಸಾಲಿನವರ ಕುತ್ತಿಗೆ ನೋಯುತ್ತದೆ.

ಎರಡನೆಯದು ಬೆಳಕು. ಇದನ್ನು ತರಗತಿಯಲ್ಲೇ ತೋರಿಸಬಹುದು. ಶಾಲೆಯ ಪ್ರೊಜೆಕ್ಟರನ್ನು ಗೋಡೆಯಿಂದ 1 ಮೀಟರ್ ದೂರದಲ್ಲಿಟ್ಟು ಚಿತ್ರದ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಝೂಮ್ ಮುಟ್ಟದೆ 2 ಮೀಟರಿಗೆ ಸರಿಸಿ. ಅಗಲ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು, ಒಂದೊಂದು ಚದರ ಅಡಿಗೆ ಸಿಗುವ ಬೆಳಕು ಕಾಲು ಭಾಗ. ಚಿತ್ರಮಂದಿರದಲ್ಲಿ 12 ಮೀಟರ್ ಅಗಲ, 5 ಮೀಟರ್ ಎತ್ತರದ ಪರದೆ ಸರಿಯಾಗಿ ಬೆಳಗಬೇಕಾದರೆ ಅದರ ಮೇಲೆ ಸುಮಾರು 9,000 ಲೂಮೆನ್ ಬೀಳಬೇಕು. ಜರ್ಮನಿಯ ಲಿಯೋನ್‌ಬರ್ಗ್‌ನ ಐಮ್ಯಾಕ್ಸ್ ಪರದೆ 38.8 ಮೀಟರ್ ಅಗಲ, 21 ಮೀಟರ್ ಎತ್ತರ. ಅದಕ್ಕೆ ಇದರ ಹದಿಮೂರು ಪಟ್ಟಿಗೂ ಹೆಚ್ಚು ಬೆಳಕು ಬೇಕು. ದೊಡ್ಡ ಪರದೆ ಕಟ್ಟುವುದಕ್ಕಿಂತ ಅದನ್ನು ಬೆಳಗಿಸುವುದೇ ದುಬಾರಿ.

ಮೂರನೆಯದು ಕಟ್ಟಡದ ವಯಸ್ಸು. ಇದು ನನಗೆ ಹೊಳೆದೇ ಇರಲಿಲ್ಲ. ರೈಲ್ವೆಯಲ್ಲಿ ನಕ್ಷೆ ಬರೆಯುತ್ತಿದ್ದ ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಡ್ಯುಪಾಂ ಎಂಬ ಫ್ರೆಂಚನಿಂದ ಪ್ರೊಜೆಕ್ಟರ್ ಕೊಂಡು, ಟೆಂಟು ಹೊತ್ತು ಊರೂರು ತಿರುಗಿ, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿದರು. ಆ ಹೆಸರಿನ ರಸ್ತೆ ಇವತ್ತಿಗೂ ಇದೆ. ಆಗಿನ ಚಿತ್ರ ಹೆಚ್ಚುಕಡಿಮೆ ಚೌಕ, 4ಕ್ಕೆ 3ರ ಪ್ರಮಾಣ. ಹಾಲುಗಳ ವೇದಿಕೆಯೂ ಅದಕ್ಕೆ ತಕ್ಕಂತೆ. 1953ರಲ್ಲಿ ಅಮೆರಿಕದಲ್ಲಿ ಸಿನಿಮಾಸ್ಕೋಪ್ ಬಂತು, ತಮಿಳಿಗೆ 1973ರಲ್ಲಿ 'ರಾಜರಾಜ ಚೋಳನ್', ಕನ್ನಡಕ್ಕೆ 1977ರಲ್ಲಿ 'ಸೊಸೆ ತಂದ ಸೌಭಾಗ್ಯ'. ಚಿತ್ರದ ಅಗಲ ಈಗ ಎತ್ತರದ 2.35 ಪಟ್ಟು. ಹಳೇ ಹಾಲಿನ ಗೋಡೆ ಸರಿಯುತ್ತದೆಯೇ? 9 ಮೀಟರ್ ಅಗಲದ ಪರದೆಯಲ್ಲಿ ಹಳೇ ಚಿತ್ರದ ಎತ್ತರ ಸುಮಾರು 6.75 ಮೀಟರ್ ಇದ್ದರೆ, ಸ್ಕೋಪ್ ಚಿತ್ರದ್ದು 3.8 ಮೀಟರಿಗೆ ಇಳಿಯಿತು. 'ದೊಡ್ಡ' ಸಿನಿಮಾ ಅಲ್ಲಿ ಚಿಕ್ಕದಾಗಿ ಕಂಡಿತು. ಎತ್ತರ ಹಾಗೇ ಉಳಿಸಿಕೊಳ್ಳಬೇಕಾದರೆ ಸುಮಾರು 16 ಮೀಟರ್ ಅಗಲ ಬೇಕು, ಅಂದರೆ ಹೊಸ ಕಟ್ಟಡವೇ ಬೇಕು. ಶ್ರೀಹರಿಕೋಟಾ ಪಕ್ಕದ ಸಣ್ಣ ಊರು ಸೂಳ್ಳೂರುಪೇಟೆಯಲ್ಲಿ 2019ರಲ್ಲಿ 100 ಅಡಿ ಅಗಲ, 54 ಅಡಿ ಎತ್ತರದ ಪರದೆ ಬಂತಲ್ಲ, ಅದು ಹೊಸದಾಗಿ ಕಟ್ಟಿದ ಚಿತ್ರಮಂದಿರ. ಊರಿನ ಗಾತ್ರಕ್ಕೂ ಪರದೆಯ ಗಾತ್ರಕ್ಕೂ ಸಂಬಂಧವಿಲ್ಲ.

ಜಗಳಕ್ಕೆ ಟೇಪು ಹಿಡಿದು ತೀರ್ಪು ಕೊಡಲು ಆಗುವುದಿಲ್ಲ. ಆದರೆ ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಮೂರು ಮುಷ್ಟಿಯಾದರೆ 30. ದೀಪಾವಳಿ ರಜೆಗೆ ಹೋಗುವಾಗ ಇಬ್ಬರಿಗೂ ಇದನ್ನು ಹೇಳಿಕೊಟ್ಟು ಕಳಿಸಿದೆ. ಇಂಟರ್‌ವಲ್‌ನಲ್ಲಿ ಅಳೆಯಿರಿ, ಹಿಂದಿನವರ ಕೈಲಿ ಬೈಸಿಕೊಳ್ಳಬೇಡಿ ಅಂತಲೂ ಹೇಳಿದ್ದೆ. ಪಲ್ಲಡಂನವನು ನಾಲ್ಕು ಮುಷ್ಟಿ ಬರೆದುಕೊಂಡು ಬಂದ, ಕೊಯಮತ್ತೂರಿನವಳು ಮೂರೂವರೆ. ಗೆದ್ದೆ ಅಂತ ಅವನು ಕುಣಿದ. "ನೀನು ಎಷ್ಟನೇ ಸಾಲಲ್ಲಿ ಕೂತಿದ್ದೆ, ಅದು ಹೇಳು ಮೊದಲು" ಎಂದು ಅವಳು ಕೇಳಿದಳು. ಅವನು ಅದನ್ನು ಬರೆದುಕೊಂಡೇ ಇರಲಿಲ್ಲ.